ಮೂರು ಮನೆ, ಒಬ್ಬನೇ ದೇವರು, ಒಂದು ತಿಂಗಳ ಚಹಾ

ಪ್ರಶ್ನೆ: ಕುಮಟಾದಲ್ಲಿ ನನ್ನದೊಂದು ಸಣ್ಣ ಪುಸ್ತಕದ ಅಂಗಡಿ ಇದೆ. ಸಂಜೆ ಹೊತ್ತು ಇಬ್ಬರು ಗೆಳೆಯರು ಬಂದು ಕೂರುತ್ತಾರೆ. ಒಬ್ಬರು ಭಟ್ಕಳದ ಕಡೆಯ ನವಾಯತ ಮುಸ್ಲಿಂ ಬಟ್ಟೆ ವ್ಯಾಪಾರಿ, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಕ್ಯಾಥೋಲಿಕರು. ಯೆಹೂದಿ, ಕ್ರೈಸ್ತ, ಇಸ್ಲಾಂ ಮೂರೂ ಧರ್ಮಗಳು ದೇವರು ಒಬ್ಬನೇ ಎನ್ನುತ್ತವೆ, ಮೂರಕ್ಕೂ ಅಬ್ರಹಾಮನೇ ಮೂಲಪುರುಷ, ಆದ್ದರಿಂದ ಇಂದಲ್ಲ ನಾಳೆ ಇವು ಒಂದೇ ಧರ್ಮವಾಗಿ ಕೂಡಿಯೇ ಕೂಡುತ್ತವೆ ಎಂದು ಮೊನ್ನೆ ನಾನು ವಾದಿಸಿದೆ. ಬ್ಯಾಂಕಿನ ಗೆಳೆಯರು ‘ಸಾಧ್ಯವೇ ಇಲ್ಲ’ ಎಂದರು. ಬಟ್ಟೆ ಅಂಗಡಿಯವರು ನಕ್ಕು, ‘ಮೊದಲಿನಿಂದಲೂ ಇರುವುದು ಒಂದೇ ಧರ್ಮ, ನಿಮಗೆ ತಿಳಿದಿಲ್ಲ ಅಷ್ಟೇ’ ಎಂದರು. ಸೋತವರು ಒಂದು ತಿಂಗಳು ಎಲ್ಲರ ಚಹಾದ ದುಡ್ಡು ಕೊಡಬೇಕೆಂದು ಪಂದ್ಯ ಕಟ್ಟಿದ್ದೇವೆ. ತೀರ್ಪು ನೀವು ಹೇಳಬೇಕು.

ಉತ್ತರ: ಮಾನ್ಯರೇ, ತೀರ್ಪನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಉಳಿದದ್ದನ್ನು ನೀವು ಓದಲಿಕ್ಕಿಲ್ಲ.

ನಿಮ್ಮ ವಾದ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ನಮ್ಮ ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತದಲ್ಲ, ‘ದೇವನೊಬ್ಬ ನಾಮ ಹಲವು’ ಎಂದು, ಅಲ್ಲಿಂದ. ಹಲವು ವರ್ಷ ಕಾರವಾರದಲ್ಲಿ ತತ್ತ್ವಶಾಸ್ತ್ರದ ಪಾಠ ಹೇಳಿದವನು ನಾನು. ಆ ಮಾತಿನ ಮೇಲೆ ನನ್ನದೊಂದು ಹಳೆಯ ತಕರಾರಿದೆ. ಅದನ್ನು ಸುಳ್ಳೆನ್ನುತ್ತಿಲ್ಲ. ಆದರೆ ಅದನ್ನು ಉಚ್ಚರಿಸಿದ ಕೂಡಲೇ ಎಲ್ಲರೂ ತಲೆದೂಗಿ ಎದ್ದು ಹೋಗುತ್ತಾರೆ. ಹೆಸರುಗಳು ಹಲವಾದದ್ದು ಹೇಗೆ, ಆ ಹೆಸರುಗಳಿಗಾಗಿ ಜನ ಪ್ರಾಣವನ್ನೇ ಕೊಟ್ಟದ್ದೇಕೆ ಎಂದು ಕೇಳುವ ಪುರುಸೊತ್ತು ಯಾರಿಗೂ ಉಳಿಯುವುದಿಲ್ಲ.

ದೇವರು ಒಬ್ಬನೇ ಎಂಬ ಲೆಕ್ಕದಲ್ಲಿ ಮೂವರಿಗೂ ಜಗಳವಿಲ್ಲ, ಅದನ್ನು ಒಪ್ಪೋಣ. ‘ಇಸ್ರೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ’ ಎಂಬ ಮಾತನ್ನು ಯೆಹೂದಿಗಳು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಯೇಸು ಹೇಳಿದ್ದೂ ಇದನ್ನೇ. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿದೆ. ಕುರ್‌ಆನಿನ 112ನೆಯ ಅಧ್ಯಾಯ, ನಾಲ್ಕೇ ವಾಕ್ಯಗಳ ಇಖ್ಲಾಸ್, ಶುರುವಾಗುವುದೂ ಅವನು ಒಬ್ಬನೇ ಎಂಬಲ್ಲಿಂದ.

ಆದರೆ ಅದೇ ಅಧ್ಯಾಯದ ಮೂರನೆಯ ವಾಕ್ಯಕ್ಕೆ ಬನ್ನಿ. ಅವನು ಹೆತ್ತವನಲ್ಲ, ಹುಟ್ಟಿದವನೂ ಅಲ್ಲ ಎನ್ನುತ್ತದೆ ಅದು. ಈಗ 325ರಲ್ಲಿ ನೈಸಿಯಾ ನಗರದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಒಪ್ಪಿದ ವಿಶ್ವಾಸಪ್ರಮಾಣವನ್ನು ಪಕ್ಕದಲ್ಲಿ ಇಡಿ. ಮಗನಾದ ಯೇಸುವಿನ ಬಗ್ಗೆ ಅದು ಹೇಳುವುದು: ಅವನು ತಂದೆಯಿಂದ ಹುಟ್ಟಿದವನು, ಸೃಷ್ಟಿಯಾದವನಲ್ಲ. ನಿಮ್ಮ ಬ್ಯಾಂಕಿನ ಗೆಳೆಯರು ಭಾನುವಾರದ ಪೂಜೆಯಲ್ಲಿ ಎದ್ದು ನಿಂತು ‘ಹುಟ್ಟಿದವನು’ ಎನ್ನುತ್ತಾರೆ; ಬಟ್ಟೆ ಅಂಗಡಿಯವರು ದಿನದ ನಮಾಜಿನಲ್ಲಿ ಎಷ್ಟೋ ಸಲ ‘ಹುಟ್ಟಿದವನಲ್ಲ’ ಎನ್ನುತ್ತಾರೆ. ಇಬ್ಬರೂ ದೇವರ ಏಕತ್ವವನ್ನು ಕಾಪಾಡಲೆಂದೇ ಹಾಗೆ ಹೇಳುತ್ತಿದ್ದಾರೆ. ನೀವು ಮೂವರನ್ನೂ ಕೂಡಿಸಬೇಕೆಂದು ಹೊರಟ ಜಾಗವೇ ಅವರು ಅಗಲಿದ ಜಾಗ.

ಇದು ವಿಚಿತ್ರವೆನಿಸಿದರೆ ಶಿರಸಿಯಿಂದ ಸ್ವಲ್ಪ ದೂರದ ಸೋಂದೆಗೆ ಒಮ್ಮೆ ಹೋಗಿ ಬನ್ನಿ. ಸುತ್ತಮುತ್ತ ಕೆಲವೇ ಕಿಲೋಮೀಟರಿನೊಳಗೆ ಮೂರು ಮಠಗಳಿವೆ: ಅದ್ವೈತಿಗಳ ಸ್ವರ್ಣವಲ್ಲಿ, ದ್ವೈತಿಗಳ ವಾದಿರಾಜ ಮಠ, ದಿಗಂಬರ ಜೈನರ ಸ್ವಾದಿ ಮಠ. ಜೈನರನ್ನು ಸದ್ಯಕ್ಕೆ ಬಿಡಿ, ಸೃಷ್ಟಿಕರ್ತನ ಗೊಡವೆಯೇ ಅವರಿಗಿಲ್ಲ. ಉಳಿದ ಎರಡೂ ಮಠಗಳಿಗೆ ಪ್ರಮಾಣ ಒಂದೇ ಉಪನಿಷತ್ತು. ಛಾಂದೋಗ್ಯದಲ್ಲಿ ತಂದೆ ಉದ್ದಾಲಕ ಮಗ ಶ್ವೇತಕೇತುವಿಗೆ ಹೇಳುವ ಮಾತನ್ನು ಅದ್ವೈತಿಗಳು ‘ತತ್ ತ್ವಮ್ ಅಸಿ’ ಎಂದು ಬಿಡಿಸಿದರು: ಅದೇ ನೀನು. ಹಿಂದಿನ ‘ಆತ್ಮಾ’ ಶಬ್ದದೊಳಗೆ ಸಂಧಿಯಲ್ಲಿ ಒಂದು ಅಕಾರ ಅಡಗಿದೆ ಎಂದ ಮಧ್ವರು ‘ಅತತ್ ತ್ವಮ್ ಅಸಿ’ ಎಂದು ಬಿಡಿಸಿದರು: ಅದು ನೀನಲ್ಲ. ಒಂದು ಅಕಾರ! ಅದರ ಆಚೆಗೊಂದು ಮಠ, ಈಚೆಗೊಂದು ಮಠ. ನಾಲ್ಕನೆಯ ಶತಮಾನದ ಗ್ರೀಕ್ ಕ್ರೈಸ್ತರೂ ಹೀಗೆಯೇ, ಮಗನು ತಂದೆಯೊಡನೆ ‘ಒಂದೇ ತತ್ತ್ವ’ದವನೋ ‘ಹೋಲುವ ತತ್ತ್ವ’ದವನೋ ಎಂದು ವರ್ಷಾನುಗಟ್ಟಲೆ ಹೊಡೆದಾಡಿದರು, ಗ್ರೀಕಿನಲ್ಲಿ ಆ ಎರಡು ಶಬ್ದಗಳ ನಡುವಿನ ವ್ಯತ್ಯಾಸ ಒಂದು ಇಕಾರ ಮಾತ್ರ.

ಒಂದು ಅಕ್ಷರಕ್ಕೆ ಇಷ್ಟು ರಾದ್ಧಾಂತವೇ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. ಆಸ್ತಿ ಪತ್ರದಲ್ಲಿ ಒಂದು ಅಕ್ಷರ ತಪ್ಪಿದರೆ ನಾವು ಕೋರ್ಟಿಗೆ ಹೋಗುತ್ತೇವೆ. ನಾನು ಸತ್ತ ಮೇಲೆ ಏನಾಗುತ್ತೇನೆ ಎಂಬುದು ನಿಂತಿರುವ ಅಕ್ಷರಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಇರಬೇಡವೇ?

ಇಲ್ಲಿ ನನ್ನದೇ ಒಂದು ಸೋಲನ್ನು ಹೇಳಬೇಕು. ಎಷ್ಟೋ ವರ್ಷಗಳ ಹಿಂದೆ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಎಲ್ಲ ಧರ್ಮದವರೂ ಒಟ್ಟಿಗೆ ಹೇಳಬಹುದಾದ ಒಂದು ಪ್ರಾರ್ಥನೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಉತ್ಸಾಹದಿಂದ ಒಪ್ಪಿಕೊಂಡೆ. ‘ಎಲ್ಲರ ತಂದೆಯಾದ ದೇವರೇ’ ಎಂದು ಆರಂಭಿಸಿದ್ದೆ. ಮುಸ್ಲಿಂ ಸಹೋದ್ಯೋಗಿಯೊಬ್ಬರು ಬಹಳ ಸಂಕೋಚದಿಂದ, ‘ಸರ್, ನಾವು ದೇವರನ್ನು ತಂದೆ ಎನ್ನುವುದಿಲ್ಲ’ ಎಂದರು. ತಂದೆಯನ್ನು ತೆಗೆದೆ. ಕ್ರೈಸ್ತ ಸಹೋದ್ಯೋಗಿ ಬಂದು, ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಮಾತೇ ತಂದೆ, ಅದನ್ನೇ ತೆಗೆದರೆ ನನಗೆ ಉಳಿದದ್ದೇನು ಎಂದರು. ‘ನಿನ್ನ ಪಾದಕ್ಕೆ’ ಎಂದಿದ್ದೆ. ದೇವರಿಗೆ ಪಾದವೇ ಎಂಬ ಪ್ರಶ್ನೆ ಬಂತು. ‘ನಮ್ಮೊಳಗಿರುವ ನೀನು’ ಎಂದಿದ್ದೆ. ಅದು ವೇದಾಂತವಾಯಿತು ಎಂದರು. ಹೀಗೆ ಗೀರುತ್ತ ಗೀರುತ್ತ ಕೊನೆಗೆ ಉಳಿದದ್ದು ಆರು ಸಾಲು: ಎಲ್ಲರಿಗೂ ಆರೋಗ್ಯ ಸಿಗಲಿ, ಮಳೆ ಹದವಾಗಿ ಬರಲಿ, ವಿದ್ಯಾರ್ಥಿಗಳು ಚೆನ್ನಾಗಿ ಓದಲಿ. ಯಾರಿಗೂ ಆಕ್ಷೇಪವಿರಲಿಲ್ಲ. ಅದನ್ನು ದೇವರಿಗೂ ಓದಬಹುದಿತ್ತು, ತಹಶೀಲ್ದಾರರಿಗೂ ಕೊಡಬಹುದಿತ್ತು.

ಅಂದು ನಾನು ಕಲಿತದ್ದು, ಮೂರು ಧರ್ಮಗಳಲ್ಲಿ ಸಮಾನವಾದದ್ದನ್ನು ಮಾತ್ರ ಉಳಿಸಿಕೊಂಡರೆ ನಾಲ್ಕನೆಯ ಧರ್ಮವೂ ಹುಟ್ಟುವುದಿಲ್ಲ ಎಂಬುದನ್ನು. ಅದಕ್ಕೆ ಯಾರೂ ಅಳುವುದಿಲ್ಲ, ಅದರ ಮುಂದೆ ಯಾರೂ ಹರಕೆ ಹೊರುವುದಿಲ್ಲ.

ನನ್ನಂಥ ಮೇಷ್ಟರಿಗೆ ಆಗದ್ದು ಚಕ್ರವರ್ತಿಗೆ ಆದೀತೇ ಎಂದು ನೋಡಿದರೆ, ಅಕ್ಬರನಿಗೂ ಆಗಲಿಲ್ಲ. 1575ರಲ್ಲಿ ಫತೇಪುರ ಸಿಕ್ರಿಯಲ್ಲಿ ಇಬಾದತ್ ಖಾನಾ ಎಂಬ ಪ್ರಾರ್ಥನಾಗೃಹ ಕಟ್ಟಿಸಿದ. ಮೊದಲು ಮುಸ್ಲಿಂ ವಿದ್ವಾಂಸರು, ಆಮೇಲೆ ಬ್ರಾಹ್ಮಣರು, ಜೈನರು, ಪಾರಸಿಗಳು, ಗೋವೆಯಿಂದ ಕರೆಸಿಕೊಂಡ, ಜೆಸ್ವಿಟ್ ಎಂಬ ಕ್ಯಾಥೋಲಿಕ್ ಸಂಘದ ಪಾದ್ರಿಗಳು, ಎಲ್ಲರೂ ಅಲ್ಲಿ ವಾದಿಸಿದರು. 1582ರಲ್ಲಿ ಅವನು ಆರಂಭಿಸಿದ, ಮುಂದೆ ದೀನ್-ಇ-ಇಲಾಹಿ ಎಂದು ಹೆಸರಾದ ಪಂಥಕ್ಕೆ ಸೇರಿದವರಲ್ಲಿ ಹೆಸರು ಸಿಗುವವರು ಇಪ್ಪತ್ತು ಮಂದಿಯೂ ಇಲ್ಲ. ಹಿಂದೂಗಳಲ್ಲಿ ಬೀರ್‌ಬಲ್ ಒಬ್ಬನೇ. ರಾಜಾ ಮಾನ್‌ಸಿಂಗನನ್ನು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ಆ ಕಾಲದ ಇತಿಹಾಸಕಾರ ಬದಾಯೂನಿ ಬರೆದಿಟ್ಟಿದ್ದಾನೆ. ಶಿಷ್ಯನಾಗುವುದೆಂದರೆ ಪ್ರಾಣ ಕೊಡುವುದಾದರೆ ಅದು ಆಗಲೇ ನಿಮ್ಮ ಕೈಯಲ್ಲಿದೆ; ಧರ್ಮದ ಮಾತಾದರೆ ನಾನು ಹಿಂದೂ, ನೀವು ಹೇಳಿದರೆ ಮುಸಲ್ಮಾನನಾಗುತ್ತೇನೆ, ಇವೆರಡನ್ನು ಬಿಟ್ಟು ಮೂರನೆಯದು ನನಗೆ ಗೊತ್ತಿಲ್ಲ ಎಂಬುದು ಅದರ ಸಾರ. ಈ ಉತ್ತರ ನನಗೆ ಬಹಳ ಇಷ್ಟ. ಅವನು ಧರ್ಮ ಬದಲಿಸಲು ಸಿದ್ಧ, ಧರ್ಮವಲ್ಲದ್ದಕ್ಕೆ ಹೋಗಲು ಸಿದ್ಧನಿಲ್ಲ.

ಆ ಪಾದ್ರಿಗಳ ಮುಂದಾಳು ರುಡೋಲ್ಫ್ ಅಕ್ವಾವೀವಾ ಎಂಬ ಇಟಲಿಯ ತರುಣ. ಮೂರು ವರ್ಷ ಅಕ್ಬರನ ಆಸ್ಥಾನದಲ್ಲಿ ಮಸೀದಿಯ ವಿದ್ವಾಂಸರ ಎದುರು, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವವನ್ನು ಸಮರ್ಥಿಸಿದ, ಅಲ್ಲಿ ಅವನ ಕೂದಲೂ ಕೊಂಕಲಿಲ್ಲ. 1583ರಲ್ಲಿ ಗೋವೆಗೆ ಮರಳಿದ. ಅದೇ ವರ್ಷ ಜುಲೈ ತಿಂಗಳಲ್ಲಿ ಕುಂಕೊಳ್ಳಿಯಲ್ಲಿ ಊರವರ ಕೈಯಲ್ಲಿ ಸತ್ತ. ಕಾರವಾರದಿಂದ ಮಡಗಾಂವಿಗೆ ಹೋಗುವ ಬಸ್ಸಿನಲ್ಲಿ ಕೂತರೆ ದಾರಿಯಲ್ಲೇ ಸಿಗುವ ಊರು ಅದು. ಪೋರ್ಚುಗೀಸರು ಆ ಭಾಗದ ದೇವಸ್ಥಾನಗಳನ್ನು ಕೆಡವಿದ್ದರು, ಊರಿನ ಮುಖಂಡರಾದ ಗಾಂವಕಾರರು ಕುದಿಯುತ್ತಿದ್ದರು. ಚರ್ಚಿಗೆ ಜಾಗ ನೋಡಲು ಬಂದವರ ಮೇಲೆ ಆ ಸಿಟ್ಟು ಹೊರಳಿತು. ಆಮೇಲೆ ಪೋರ್ಚುಗೀಸರು ಮಾತುಕತೆಗೆಂದು ಕರೆಸಿ ಗಾಂವಕಾರರನ್ನು ಕೊಂದರು. ಒಂದೆಡೆ ದೇವರ ಸ್ವರೂಪದ ಮೇಲೆ ಮೂರು ವರ್ಷ ವಾದ ನಡೆದರೂ ಒಂದು ಹನಿ ರಕ್ತ ಬೀಳಲಿಲ್ಲ. ಇನ್ನೊಂದೆಡೆ ದೇವಸ್ಥಾನದ ನೆಲದ ಪ್ರಶ್ನೆ ಬಂದಾಗ ವಾದವೇ ನಡೆಯಲಿಲ್ಲ.

ಪಂದ್ಯದ ಮಾತಿಗೆ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಧರ್ಮವೆಂದರೆ ದೇವರ ಬಗೆಗಿನ ಒಂದು ಅಭಿಪ್ರಾಯ ಎಂದು ನೀವು ಭಾವಿಸಿದ್ದೀರಿ, ಅಭಿಪ್ರಾಯ ಹೊಂದಿದರೆ ಧರ್ಮವೂ ಹೊಂದುತ್ತದೆ ಎಂಬುದು ನಿಮ್ಮ ಲೆಕ್ಕ. ಆದರೆ ಅದು ನೆಲದಲ್ಲಿ, ಮದುವೆಯಲ್ಲಿ, ಅಡಿಗೆಮನೆಯಲ್ಲಿ, ಸ್ಮಶಾನದಲ್ಲಿ ಬೇರುಬಿಟ್ಟಿರುತ್ತದೆ. ವಾರದ ಪವಿತ್ರ ದಿನವನ್ನೇ ತೆಗೆದುಕೊಳ್ಳಿ. ಒಬ್ಬರಿಗೆ ಶುಕ್ರವಾರ, ಒಬ್ಬರಿಗೆ ಶನಿವಾರ, ಒಬ್ಬರಿಗೆ ಭಾನುವಾರ. ಕ್ಯಾಥೋಲಿಕರ ಪರಮ ಪ್ರಸಾದದಲ್ಲಿ ದ್ರಾಕ್ಷಾರಸ, ಅಂದರೆ ದ್ರಾಕ್ಷಿಯ ಮದ್ಯ, ಬೇಕೇ ಬೇಕು. ಮುಸಲ್ಮಾನರಿಗೆ ಅದು ನಿಷಿದ್ಧ. ಅಬ್ರಹಾಮ ಬಲಿಗೆ ಒಯ್ದ ಮಗ ಇಸಾಕ ಎಂದು ಬೈಬಲ್ ಹೇಳುತ್ತದೆ. ಕುರ್‌ಆನ್ ಅಲ್ಲಿ ಹೆಸರು ಹೇಳುವುದಿಲ್ಲ, ಮುಸ್ಲಿಂ ಪರಂಪರೆಯ ಬಹುಮತ ಇಸ್ಮಾಯಿಲನ ಕಡೆ. ಒಬ್ಬನೇ ಮೂಲಪುರುಷ ಎಂದು ನೀವು ಸಂತೋಷಪಟ್ಟಿರಲ್ಲ, ಒಂದೇ ಮನೆತನದ ದಾಯಾದಿಗಳ ವ್ಯಾಜ್ಯ ಎಷ್ಟು ಸಲೀಸಾಗಿ ಮುಗಿಯುತ್ತದೆಂದು ಕುಮಟಾದ ಯಾವ ವಕೀಲರನ್ನಾದರೂ ಕೇಳಿ.

ಕಾರವಾರಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. ಈಗ ಠಾಗೋರ್ ಹೆಸರಿನಲ್ಲಿರುವ ನಮ್ಮ ಕಡಲತೀರಕ್ಕೆ ರವೀಂದ್ರನಾಥರು ಬಂದದ್ದು 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ. ಅವರದು ಬ್ರಾಹ್ಮಸಮಾಜದ ಮನೆತನ. ಆ ಸಮಾಜವನ್ನು 1828ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ರಾಮಮೋಹನ ರಾಯರು ಅರಬ್ಬಿ, ಪಾರಸಿ ಬಲ್ಲವರು, ಉಪನಿಷತ್ತನ್ನು ಅನುವಾದಿಸಿದವರು, ಯೇಸುವಿನ ಉಪದೇಶಗಳನ್ನು ಪವಾಡಗಳಿಂದ ಬೇರ್ಪಡಿಸಿ ಪ್ರಕಟಿಸಿ ಶ್ರೀರಾಮಪುರದ ಮಿಷನರಿಗಳ ಸಿಟ್ಟಿಗೆ ಗುರಿಯಾದವರು. ಎಲ್ಲ ಜಾತಿ ಮತದವರೂ ಕುಳಿತು ನಿರಾಕಾರನಾದ ಒಬ್ಬನನ್ನು ಸ್ತುತಿಸಬಹುದಾದ ಜಾಗ ಅವರ ಕನಸು. ನಿಮ್ಮ ಕನಸಿಗೆ ಇದಕ್ಕಿಂತ ಹತ್ತಿರದ್ದು ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ಏನಾಯಿತು? 1866ರಲ್ಲಿ ಸಮಾಜ ಒಡೆಯಿತು: ವೇದಿಕೆಯ ಮೇಲೆ ಕೂರುವ ಆಚಾರ್ಯರು ಜನಿವಾರ ಹಾಕಿಕೊಂಡಿರಬಹುದೇ ಎಂಬುದು ಆಗ ದೊಡ್ಡ ಕಗ್ಗಂಟು. ದೇವೇಂದ್ರನಾಥ ಠಾಕೂರರದ್ದು ಆದಿ ಬ್ರಾಹ್ಮಸಮಾಜವಾಯಿತು, ಕೇಶವಚಂದ್ರ ಸೇನರದ್ದು ಬೇರೆಯಾಯಿತು. 1878ರಲ್ಲಿ ಮತ್ತೆ ಒಡೆಯಿತು: ಕೇಶವಚಂದ್ರರು, ತಾವೇ ಹೋರಾಡಿ ತಂದ ಕಾನೂನಿನ ವಯಸ್ಸು ತುಂಬದ ಮಗಳನ್ನು ಕೂಚ್ ಬಿಹಾರದ ಮಹಾರಾಜನಿಗೆ ಮದುವೆ ಮಾಡಿಕೊಟ್ಟರು. ಸಿಟ್ಟಾದವರು ಸಾಧಾರಣ ಬ್ರಾಹ್ಮಸಮಾಜ ಕಟ್ಟಿಕೊಂಡರು. ಅದಾದ ಮೇಲೆ ಕೇಶವಚಂದ್ರರು ಎಲ್ಲ ಧರ್ಮಗಳ ಸಮನ್ವಯವೆಂದು ನವವಿಧಾನವನ್ನು ಸಾರಿದರು. ಒಬ್ಬನೇ ದೇವರ ಸಮಾಜ ಐವತ್ತು ವರ್ಷದಲ್ಲಿ ಮೂರು ಹೋಳು. ಆ ಒಬ್ಬನ ಬಗ್ಗೆ ಮೂವರಿಗೂ ಹೇಳಿಕೊಳ್ಳುವಂಥ ಭಿನ್ನಾಭಿಪ್ರಾಯವೇ ಇರಲಿಲ್ಲ. ಒಡೆದದ್ದು ಜನಿವಾರ ಮತ್ತು ಮದುವೆ.

ಬಲವಂತದ ಐಕ್ಯವೂ ಈ ಕರಾವಳಿಗೆ ಗೊತ್ತು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಕೇರಳಕ್ಕೆ ಹೋಗಿ ಉದಯಂಪೇರೂರಿನಲ್ಲಿ ಸಭೆ ಕರೆದು, ಅಲ್ಲಿನ ಪುರಾತನ ಸಂತ ತೋಮರ ಕ್ರೈಸ್ತರನ್ನು ರೋಮಿನ ಅಧೀನಕ್ಕೆ ಸೇರಿಸಿದರು, ಅವರ ಸಿರಿಯಾಕ್ ಗ್ರಂಥಗಳನ್ನು ಸುಡಿಸಿದರು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಸೇರಿದ ಆ ಜನ ಜೆಸ್ವಿಟರ ಆಳ್ವಿಕೆ ನಮಗೆ ಬೇಡವೆಂದು ಆಣೆ ಮಾಡಿದರು. ಒಂದು ಮಾಡಲು ಹೋಗಿ ಎರಡಾಯಿತು; ಆ ಎರಡು ಮುಂದೆ ಇನ್ನೆಷ್ಟೋ ಆಯಿತು. ಬಹಾಯಿಗಳ ಕಥೆ ಸೌಮ್ಯವಾದದ್ದು. 1863ರಲ್ಲಿ ಬಾಗ್ದಾದಿನಲ್ಲಿ ಬಹಾವುಲ್ಲಾ ತಾನು ಎಲ್ಲ ಧರ್ಮಗಳೂ ಎದುರುನೋಡುತ್ತಿದ್ದವನೆಂದು ಘೋಷಿಸಿದ, ಅವನ ಅನುಯಾಯಿಗಳು ಎಲ್ಲ ಪ್ರವಾದಿಗಳನ್ನೂ ಗೌರವಿಸುತ್ತಾರೆ. ಹಾಗಿದ್ದೂ ಉಳಿದ ಧರ್ಮಗಳು ಅದರಲ್ಲಿ ಕರಗಲಿಲ್ಲ, ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರಿತು.

ಹಾಗಾದರೆ ಕೂಡುವಿಕೆ ಎಂದೂ ನಡೆದೇ ಇಲ್ಲವೇ? ನಡೆದಿದೆ, ಒಂದೇ ಧರ್ಮದೊಳಗೆ. ದಕ್ಷಿಣ ಭಾರತದ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಆಯಿತು. ಅವರೆಲ್ಲರ ಬೈಬಲ್ ಒಂದೇ, ಯೇಸು ಒಬ್ಬನೇ, ಬಹುಮಟ್ಟಿಗೆ ಕೀರ್ತನೆಗಳೂ ಅವೇ. ಆದರೂ 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿಯಲು 28 ವರ್ಷ ಹಿಡಿಯಿತು. ಮುಖ್ಯ ತೊಡಕು, ಬಿಷಪ್ಪರು ಬೇಕೇ ಬೇಡವೇ ಎಂಬುದು. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲಿನ ಚರ್ಚುಗಳು 1054ರಲ್ಲಿ ಪರಸ್ಪರ ಹಾಕಿಕೊಂಡ ಬಹಿಷ್ಕಾರವನ್ನು 1965ರಲ್ಲಿ ಹಿಂತೆಗೆದುಕೊಂಡವು, ಇಂದಿಗೂ ಒಂದಾಗಿಲ್ಲ. ಯೇಸುವನ್ನು ಒಪ್ಪಿದವರೊಳಗೇ ವೇಗ ಇಷ್ಟು. ಯೇಸು ಶಿಲುಬೆಯ ಮೇಲೆ ಸತ್ತನೇ ಎಂಬುದರಲ್ಲೇ ಬೈಬಲ್ ಒಂದು ಕಡೆ, ಕುರ್‌ಆನ್ ಇನ್ನೊಂದು ಕಡೆ ಇರುವಾಗ ನೀವು ಎಷ್ಟು ವರ್ಷದ ವಾಯಿದೆ ಕೊಡುತ್ತೀರಿ?

ಇನ್ನೂ ಒಂದು ತೊಡಕಿದೆ, ಇದನ್ನು ನಿಮ್ಮ ಗೆಳೆಯರೇ ಬಾಯಿಬಿಟ್ಟು ಹೇಳಿದ್ದಾರೆ. ಐಕ್ಯ ಬೇಡ ಎನ್ನುವ ಧರ್ಮ ಈ ಮೂರರಲ್ಲಿ ಒಂದೂ ಇಲ್ಲ. ಪ್ರತಿಯೊಂದರ ಬಳಿಯೂ ಐಕ್ಯದ ನಕ್ಷೆ ಸಿದ್ಧವಾಗಿದೆ, ಆ ನಕ್ಷೆಯ ನಡುವೆ ಇರುವುದು ತನ್ನದೇ ಮನೆ. ನವಾಯತ ಗೆಳೆಯರ ನಗುವಿನ ಅರ್ಥ ಅದೇ: ಆದಮನಿಂದ ಹಿಡಿದು ಎಲ್ಲ ಪ್ರವಾದಿಗಳೂ ತಂದದ್ದು ಒಂದೇ ಧರ್ಮ, ಮುಹಮ್ಮದರು ಕೊನೆಯವರು. ಐಕ್ಯ ಅವರಿಗೆ ಹಿಂದೆ ಇದೆ. ಕ್ರೈಸ್ತರಿಗೆ ಅದು ಯೇಸುವಿನಲ್ಲಿ, ಕಾಲದ ಕೊನೆಯಲ್ಲಿ. ನಿಮ್ಮ ಅಂಗಡಿಯ ಜಗಲಿಯಲ್ಲಿ ಯೆಹೂದಿ ಗೆಳೆಯರಿಲ್ಲ. ಉತ್ತರಕ್ಕೆ ಕೊಂಕಣದ ಬೆನೆ ಇಸ್ರೇಲರು, ದಕ್ಷಿಣಕ್ಕೆ ಕೊಚ್ಚಿಯವರು, ನಡುವೆ ಸಿಕ್ಕಿಕೊಂಡ ನಮಗೆ ಆ ಪರಿಚಯ ಕಡಿಮೆ. ಅವರಿದ್ದಿದ್ದರೆ, ನೀವೆಲ್ಲ ಯೆಹೂದಿಗಳಾಗುವ ಅಗತ್ಯವೇ ಇಲ್ಲ, ನೋಹನ ಸಂತತಿಗೆ ಕೊಟ್ಟ ಏಳು ಕಟ್ಟಳೆಗಳನ್ನು ಪಾಲಿಸಿದರೆ ಸಾಕು ಎನ್ನುತ್ತಿದ್ದರು. ಮೂರರಲ್ಲಿ ಹೆಚ್ಚು ಸಮಾಧಾನದ ನಿಲುವು ನನಗೆ ಇದೇ ಎನಿಸುತ್ತದೆ, ಆದರೆ ಅದು ಐಕ್ಯದ ನಿಲುವಲ್ಲ.

ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಕೂತಿದೆ ಎಂದು ನನ್ನ ಗುಮಾನಿ. 1993ರ ಭಟ್ಕಳದ ಗಲಭೆಯನ್ನು ನೆನಪಿಟ್ಟುಕೊಂಡ ಜಿಲ್ಲೆ ನಮ್ಮದು. ಒಂದಾಗಿಬಿಟ್ಟರೆ ಹೊಡೆದಾಟ ನಿಲ್ಲುತ್ತದೆ ಎಂಬ ಆಸೆ ಸಹಜ. ಆದರೆ ಯುರೋಪಿನಲ್ಲಿ 1618ರಿಂದ 1648ರವರೆಗೆ ಮೂವತ್ತು ವರ್ಷ ನಡೆದ ಯುದ್ಧದಲ್ಲಿ ಎದುರುಬದುರಾಗಿ ನಿಂತವರು ಬಹುಪಾಲು ಯೇಸುವನ್ನೇ ನಂಬಿದವರು. ಒಂದಾದ ಮಾತ್ರಕ್ಕೆ ಕತ್ತಿ ಒರೆಗೆ ಹೋಗುವುದಿಲ್ಲ. ಕತ್ತಿ ಒರೆಗೆ ಹೋಗಲು ಒಂದಾಗಲೇಬೇಕೆಂದೂ ಇಲ್ಲ.

ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಗಳನ್ನು ನೋಡಿ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂ ಸಿದ್ದಿಗಳಿದ್ದಾರೆ, ಕ್ರೈಸ್ತ ಸಿದ್ದಿಗಳಿದ್ದಾರೆ, ಮುಸ್ಲಿಂ ಸಿದ್ದಿಗಳಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು ಸಿದ್ದಿಗಳೆಂಬ ಒಂದೇ ಹೆಸರಿಗೆ. ದಮಾಮ್ ಡೋಲು ಬಾರಿಸಿದರೆ ಕುಣಿಯುವ ಕಾಲುಗಳಿಗೆ ಮತ ಗೊತ್ತಾಗುವುದಿಲ್ಲ. ಭಾನುವಾರ ಬಂದರೆ ಒಬ್ಬರು ಚರ್ಚಿಗೆ ಹೋಗುತ್ತಾರೆ, ಶುಕ್ರವಾರ ಇನ್ನೊಬ್ಬರು ಮಸೀದಿಗೆ. ಅವರಲ್ಲಿ ಕೂಡಿರುವುದು ಜನ, ಧರ್ಮಗಳಲ್ಲ. ಅಬುಧಾಬಿಯಲ್ಲಿ 2023ರಲ್ಲಿ ತೆರೆದ ಅಬ್ರಹಾಮ ಕುಟುಂಬದ ಮನೆಯೂ ಇದೇ ಬುದ್ಧಿಯದು: ಒಂದೇ ಆವರಣ, ಅದರಲ್ಲಿ ಮಸೀದಿ, ಚರ್ಚು, ಯೆಹೂದಿಗಳ ಸಿನಗಾಗ್. ಮೂರೂ ಒಂದೇ ಅಳತೆಯ ಘನಾಕೃತಿಗಳು, ಒಂದಕ್ಕಿಂತ ಒಂದು ಎತ್ತರವಿಲ್ಲ. ಬೇಕಾದಷ್ಟು ದುಡ್ಡಿತ್ತು, ಬಯಸಿದ್ದರೆ ಒಂದೇ ಪ್ರಾರ್ಥನಾ ಮಂದಿರ ಕಟ್ಟಬಹುದಿತ್ತು. ಕಟ್ಟಲಿಲ್ಲ. ನಿಮ್ಮ ನವಾಯತ ಗೆಳೆಯರ ನೆಂಟರು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ, ವಿಚಾರಿಸಿ ನೋಡಿ. ಹಾಗೆಯೇ ಕುರ್‌ಆನಿನ ಐದನೆಯ ಅಧ್ಯಾಯದ 48ನೆಯ ವಾಕ್ಯವನ್ನು ಅವರಿಂದಲೇ ಓದಿಸಿಕೊಳ್ಳಿ. ಅಲ್ಲಾಹನು ಬಯಸಿದ್ದರೆ ನಿಮ್ಮೆಲ್ಲರನ್ನೂ ಒಂದೇ ಸಮುದಾಯ ಮಾಡಬಹುದಿತ್ತು, ಆದರೆ ನಿಮ್ಮನ್ನು ಪರೀಕ್ಷಿಸಬೇಕಿತ್ತು, ಒಳ್ಳೆಯ ಕೆಲಸಗಳಲ್ಲಿ ಪೈಪೋಟಿ ಮಾಡಿರಿ ಎಂಬ ಅರ್ಥದ ಮಾತು ಅಲ್ಲಿದೆ.

ಈಗ ಚಹಾ. ನವಾಯತರು ಹೇಳಿದ್ದು ವಿಶ್ವಾಸದ ಮಾತು, ಭವಿಷ್ಯವಾಣಿಯಲ್ಲ. ಅದನ್ನು ಪಂದ್ಯಕ್ಕೆ ಸೇರಿಸಿಕೊಂಡದ್ದೇ ನಿಯಮಬಾಹಿರ, ಅವರನ್ನು ಬಿಟ್ಟುಬಿಡಿ. ಬ್ಯಾಂಕಿನವರು ‘ಸಾಧ್ಯವೇ ಇಲ್ಲ’ ಎಂದದ್ದು ಸ್ವಲ್ಪ ದುಡುಕು. ಅವರ ಯೇಸುವೇ ಎಲ್ಲರೂ ಒಂದಾಗಲಿ ಎಂದು ಪ್ರಾರ್ಥಿಸಿದ್ದು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿದೆ. ಆದ್ದರಿಂದ ಅವರಿಗೆ ಐದು ದಿನದ ದಂಡ. ಉಳಿದ ಇಪ್ಪತ್ತೈದು ದಿನ ನಿಮ್ಮದು. ಆ ತಿಂಗಳು ರಂಜಾನ್ ಬಂದರೆ ಚಹಾದ ಹೊತ್ತನ್ನು ಸೂರ್ಯಾಸ್ತದ ಮಗ್ರಿಬ್ ಬಾಂಗಿನ ಆಚೆಗೆ ತಳ್ಳಬೇಕಾಗುತ್ತದೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲವಾದರೆ ಬ್ಯಾಂಕಿನವರು ಸಕ್ಕರೆ ಬಿಟ್ಟಿರಬಹುದು, ನಿಮ್ಮ ಮನೆಯಲ್ಲಿ ಏಕಾದಶಿ ಇದ್ದರೆ ಅದನ್ನೂ ಕಳೆಯಿರಿ. ಮೂರು ಪಂಚಾಂಗದ ಲೆಕ್ಕವಾದ್ದರಿಂದ ಪುಸ್ತಕವನ್ನು ಬ್ಯಾಂಕಿನವರ ಕೈಗೇ ಕೊಟ್ಟರೆ ಒಳ್ಳೆಯದು.